ಲಿಥಿಯಂ ಸಿಗದ ಬೇಸಿಗೆ

ಮೊನ್ನೆ ಸಹಕಾರನಗರದ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನು ಕರೆದಿದ್ದರು. ನಿವೃತ್ತ ಟೀಚರುಗಳನ್ನು ಇಂಥ ಕಡೆ ಕರೆಯುವುದು ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸುವುದಕ್ಕೆ. ನಾವು ಬಾಯಿ ಬಿಡುವುದನ್ನು ಯಾರೂ ಬಯಸುವುದಿಲ್ಲ. ಆದರೂ ಹೋಗುತ್ತೇನೆ, ಮನೆಯಲ್ಲಿ ಕೂತು ಮಾಡುವುದಾದರೂ ಏನು. ಅಲ್ಲಿ ಗೋಡೆಗೆ ದೊಡ್ಡದೊಂದು ಆವರ್ತ ಕೋಷ್ಟಕ ಅಂಟಿಸಿದ್ದರು. ನಾನು ಪಾಠ ಮಾಡುತ್ತಿದ್ದ ಕೋಷ್ಟಕದಲ್ಲಿ ಲೋಹಕ್ಕೊಂದು ಬಣ್ಣ, ಅನಿಲಕ್ಕೊಂದು ಬಣ್ಣ ಇರುತ್ತಿತ್ತು. ಇದರಲ್ಲಿ ಬಣ್ಣದ ಲೆಕ್ಕವೇ ಬೇರೆ. ಹಸಿರು ಬಣ್ಣದ ಚೌಕದಲ್ಲಿರುವ ಧಾತು ಬೇಕಾದಷ್ಟಿದೆ, ಹಳದಿಯದು ಕಡಿಮೆಯಾಗುತ್ತಿದೆ, ಕೆಂಪಿನದು ಇನ್ನು ಸ್ವಲ್ಪ ಕಾಲದಲ್ಲೇ ಕೈಗೆ ಸಿಗದಂತಾಗುತ್ತದೆ.

ಪಕ್ಕದಲ್ಲಿ ನಿಂತಿದ್ದ ಹುಡುಗಿ ಕೋಲು ಇಟ್ಟು ತೋರಿಸಿದಳು. "ಮ್ಯಾಮ್, ಇದು ಲಿಥಿಯಂ. ಫೋನು, ಸ್ಕೂಟರು ಎಲ್ಲದರ ಬ್ಯಾಟರಿಗೂ ಇದೇ ಬೇಕು. ಹಿಂಗೇ ಯೂಸ್ ಮಾಡ್ತಿದ್ರೆ ಮುಂದೆ ಸಿಗೋದೇ ಕಷ್ಟ."

"ಗೊತ್ತಮ್ಮ" ಅಂದೆ. ಅವಳ ಮುಖ ಸಪ್ಪಗಾಯಿತು, ಪಾಪ, ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಲಿಥಿಯಂ ಸಿಗದಿದ್ದರೆ ಏನಾಗುತ್ತದೆ ಎನ್ನುವುದು ನನಗೆ ಇವರ ಬ್ಯಾಟರಿಗಳು ಹುಟ್ಟುವ ಮುಂಚಿನಿಂದ ಗೊತ್ತು. ಅದನ್ನು ಅವಳಿಗೆ ಹೇಳುವುದು ಹೇಗೆಂದು ತಿಳಿಯದೆ ಬಂದು ಕುರ್ಚಿಯಲ್ಲಿ ಕೂತೆ. ಶಾಲು ಹೊದಿಸಿದರು. ನನಗೆ ಯಶವಂತಪುರದ ಮನೆ ನೆನಪಾಯಿತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ಅಪ್ಪ ಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅಮ್ಮ, ನಾನು, ನನ್ನ ತಮ್ಮ ರಘು. ಗಾಳಿ ಮಂಡಿಯ ಕಡೆಯಿಂದ ಬೀಸಿದರೆ ಒಣಮೆಣಸಿನಕಾಯಿ ಘಾಟು ಮನೆಯೊಳಗೆಲ್ಲ ತುಂಬಿ ಮೂವರೂ ಸೀನುತ್ತ ಕೂರುತ್ತಿದ್ದೆವು. ನಾನು ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ರಘು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್, ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ. ಅವನು ಬರಿಗೈಯಲ್ಲಿ ಎಳೆದ ಗೆರೆಗೆ ಸ್ಕೇಲ್ ಹಿಡಿದು ನೋಡಿದರೂ ಎಲ್ಲೂ ಡೊಂಕು ಕಾಣುತ್ತಿರಲಿಲ್ಲ.

ಹಿಂದಿನ ದಸರಾ ಹೊತ್ತಿಗೆ ಅವನಿಗೆ ಕಾಯಿಲೆ ಬಂದಿತ್ತು. ಮೊದಲು ನಿದ್ದೆ ಹೋಯಿತು. ಆಮೇಲೆ ಮಾತು ಹೆಚ್ಚಾಯಿತು. ಗೊರಗುಂಟೆಪಾಳ್ಯದಲ್ಲಿ ಗುರುತು ಪರಿಚಯವಿಲ್ಲದ ಒಬ್ಬನಿಗೆ ಸೈಕಲ್ಲು ಕೊಟ್ಟು ನಡೆದುಕೊಂಡು ಬಂದ. ನಡುಮನೆಯ ಗೋಡೆಯ ತುಂಬ ಇದ್ದಿಲಿನಲ್ಲಿ ಯಾವುದೋ ಯಂತ್ರದ ನಕ್ಷೆ ಬರೆದು, ಇದಕ್ಕೆ ಪೆಟ್ರೋಲೂ ಬೇಡ ಕರೆಂಟೂ ಬೇಡ ಎಂದ. ನಾನು ಟೀಚರ್ ಬುದ್ಧಿ ಬಿಡಲಾರದೆ, ಅಂಥ ಯಂತ್ರ ಸಾಧ್ಯವೇ ಇಲ್ಲ ಎಂದೆ. ಊಟದ ತಟ್ಟೆ ಗೋಡೆಗೆ ಬಿತ್ತು. ಕೊನೆಗೆ ಹೊಸೂರು ರಸ್ತೆಯ ದೊಡ್ಡ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಂದ ಬಿಳಿ ಮಾತ್ರೆಗಳ ಒಂದು ಬಾಟಲಿ ಹಿಡಿದು ವಾಪಸು ಬಂದ. ಲಿಥಿಯಂ ಕಾರ್ಬೋನೇಟ್, ಮನಸ್ಸಿನ ಏರಿಳಿತ ತಡೆಯುವ ಔಷಧಿ. ಕೋಷ್ಟಕದಲ್ಲಿ ಮೂರನೆಯ ಧಾತು. ನಾನು ಅದನ್ನು ತರಗತಿಯಲ್ಲಿ ಒಂದೆರಡು ಮಾತಿಗಿಂತ ಹೆಚ್ಚು ಹೇಳಿದವಳಲ್ಲ, ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಯೇ ಬರುತ್ತಿರಲಿಲ್ಲ.

ಕಳಿಸುವಾಗ ಡಾಕ್ಟರಮ್ಮ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದ್ದರು. "ಮಾತ್ರೆ ಅವರ ಕೈಲೇ ಇರ್ಲಿ. ಅವರ ಕಾಯಿಲೇನ ಅವರೇ ನೋಡ್ಕೊಳ್ಳೋದು ಕಲೀಬೇಕು. ನೀರು ಚೆನ್ನಾಗಿ ಕುಡೀಲಿ. ಊಟ ಮಾಮೂಲಾಗಿರ್ಲಿ."

ರಘು ಆ ಬಾಟಲಿಯನ್ನು ತನ್ನ ಕಾಂಪಾಸು, ಪೆನ್ಸಿಲುಗಳ ಪೆಟ್ಟಿಗೆಯಲ್ಲಿಟ್ಟುಕೊಂಡ. ಅಮ್ಮ ಕೇಳಿದರೂ ಕೊಡುತ್ತಿರಲಿಲ್ಲ. ಯುಗಾದಿ ಕಳೆಯುವವರೆಗೆ ಸ್ತಿಮಿತವಾಗಿದ್ದರೆ ಕೆಲಸಕ್ಕೆ ಬಾ ಎಂದು ಮ್ಯಾನೇಜರು ಹೇಳಿದ್ದರು. ಅದೇ ಕಾರ್ಖಾನೆಯಲ್ಲಿದ್ದ ಹುಬ್ಬಳ್ಳಿ ಕಡೆಯ ಬಸವರಾಜ ಎಂಬ ಹುಡುಗ ದಾಸರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ, ನೀನೂ ಬಂದಿರು ಎಂದು ರಘುವನ್ನು ಕರೆಯುತ್ತಿದ್ದ. ರಘುವಿಗೆ ಅದೇ ಆಸೆ.

"ಇಲ್ಲಿ ನಾನು ಕೆಮ್ಮಿದ್ರೂ ಅಮ್ಮ ಬಂದು ಕಣ್ಣು ನೋಡ್ತಾಳೆ ಕಣಕ್ಕ" ಎಂದಿದ್ದ ಒಂದು ಸಲ. "ನಾನು ಹುಚ್ಚ ಅಲ್ಲ ಅಂತ ಅವಳಿಗೆ ಗೊತ್ತಾಗ್ಬೇಕು. ನನ್ನನ್ನ ನಾನೇ ನೋಡ್ಕೋತೀನಿ ಅಂತ ಒಂದ್ಸಲ ತೋರಿಸಿದ್ರೆ ಸಾಕು."

ಇದನ್ನೂ ಅವನು ಬಸ್ಸಿನ ವೇಳೆ ಹೇಳುವ ದನಿಯಲ್ಲೇ ಹೇಳಿದ. ಮಾತ್ರೆ ಶುರುವಾದ ಮೇಲೆ ಅವನ ದನಿಯೇ ಹಾಗಾಗಿತ್ತು. ಹಲ್ಲು ಕೀಳಲು ಚುಚ್ಚುಮದ್ದು ಕೊಟ್ಟ ಮೇಲೆ ಕೆನ್ನೆ ಹೇಗಿರುತ್ತದೋ ಹಾಗಿದ್ದ. ಕರೆದರೆ ಬರುತ್ತಿದ್ದ, ಬಡಿಸಿದರೆ ಉಣ್ಣುತ್ತಿದ್ದ. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಲು ಬಂದ ನೆಂಟರು ತಮಾಷೆ ಮಾಡಿದರೆ ಎಲ್ಲರೂ ನಗುವುದನ್ನು ನೋಡಿ ಆಮೇಲೆ ನಗುತ್ತಿದ್ದ. ಮನೆಯಲ್ಲಿ ಜಗಳವಿರಲಿಲ್ಲ. ನಮಗೂ ಮಾತಾಡುವ ಅಭ್ಯಾಸ ತಪ್ಪಿಹೋಯಿತು. ಮೂವರೂ ರೈಲಿನ ಶಬ್ದ ಕೇಳುತ್ತ ಊಟ ಮುಗಿಸುತ್ತಿದ್ದೆವು. ನನಗೆ ಆ ತಿಂಗಳುಗಳಲ್ಲಿ ದುಃಖವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಾತ್ರೆ ಸಿಗುವುದು ನಿಂತಿತು. ನಮ್ಮ ಬೀದಿ ಕೊನೆಯ ಮೆಡಿಕಲ್ ಸ್ಟೋರಿನವನು ಕೈ ಅಲ್ಲಾಡಿಸಿದ. "ಮಾಲೇ ಬರ್ತಿಲ್ಲ ಟೀಚರ್. ಕಂಪನಿಗೇ ಹೊರದೇಶದಿಂದ ಬರ್ಬೇಕಂತೆ, ಅಲ್ಲೇ ಇಲ್ವಂತೆ." ನಾನು ಶಾಲೆ ಬಿಟ್ಟ ಮೇಲೆ ಮಲ್ಲೇಶ್ವರ, ಮೆಜೆಸ್ಟಿಕ್, ಆರ್.ಟಿ. ನಗರ ಎಲ್ಲ ಸುತ್ತಿದೆ. ಎಲ್ಲ ಕಡೆಯೂ ಅದೇ ಉತ್ತರ. ಆಸ್ಪತ್ರೆಯಲ್ಲಿಯೂ ಒಳಗಿರುವ ರೋಗಿಗಳಿಗೆ ಸಾಲುವಷ್ಟೇ ಇತ್ತು. ಬಂದ ಕೂಡಲೇ ಕೊಡುತ್ತೇವೆ, ಅಲ್ಲಿಯವರೆಗೆ ಹುಷಾರಾಗಿ ನೋಡಿಕೊಳ್ಳಿ ಎಂದರು. ರಘುವಿನ ಬಾಟಲಿ ಖಾಲಿಯಾಯಿತು.

ಅದೇ ದಿನಗಳಲ್ಲಿ ನಾನು ಹತ್ತನೇ ತರಗತಿಗೆ ಪುನರಾವರ್ತನೆ ಮಾಡಿಸುತ್ತಿದ್ದೆ. ಧಾತು ಹುಟ್ಟುವುದಿಲ್ಲ, ಸಾಯುವುದಿಲ್ಲ, ಸುಟ್ಟರೂ ಕರಗಿಸಿದರೂ ಎಲ್ಲೋ ಇದ್ದೇ ಇರುತ್ತದೆ ಎಂದು ಪ್ರತಿ ವರ್ಷ ಹೇಳುವ ಪಾಠ. ಹಾಗಿದ್ದರೆ ಸಿಗದೆ ಹೋಗುವುದು ಹೇಗೆ? ಭೂಮಿಯ ಮೇಲಿನ ಲಿಥಿಯಂ ಹೋದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ ಇದೆ. ಯಾವುದೋ ದೇಶದ ಕಲ್ಲಿನಲ್ಲಿದೆ, ಸಮುದ್ರದ ನೀರಿನಲ್ಲಿ ಚೂರು ಚೂರು ಕರಗಿದೆ. ಯಶವಂತಪುರದ ಒಂದು ಮನೆಗೆ ಬೇಕಾದ ಒಂದು ಹಿಡಿ ಮಾತ್ರ ಒಟ್ಟಿಗೆ ಸಿಗುತ್ತಿಲ್ಲ. ತರಗತಿಯಲ್ಲಿ ಇದನ್ನು ಹೇಳಲಿಲ್ಲ. ಹೇಳಿದರೆ ಅದೂ ಪ್ರಶ್ನೆಗೆ ಬರುತ್ತಾ ಟೀಚರ್ ಎಂದು ಕೇಳುತ್ತಿದ್ದರು.

ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ ಲಿಥಿಯಂ ಲವಣದ ಒಂದು ಪುಟ್ಟ ಸೀಸೆ ಇತ್ತು. ತಂತಿಯ ತುದಿಗೆ ಅದನ್ನು ಹಚ್ಚಿ ಉರಿಗೆ ಹಿಡಿದರೆ ಜ್ವಾಲೆ ಕೆಂಪಾಗುತ್ತದೆ, ಮಕ್ಕಳಿಗೆ ತೋರಿಸುವುದಕ್ಕೆ ಇಟ್ಟದ್ದು. ಬಾಯಿ ತಪ್ಪಿ ಅದನ್ನು ಮನೆಯಲ್ಲಿ ಹೇಳಿಬಿಟ್ಟೆ.

"ಅದೇ ಅಲ್ವೇನೇ ಇದು? ಒಂದು ಚಿಟಿಕೆ ತಂದ್ಕೊಡು" ಎಂದಳು ಅಮ್ಮ.

"ಅಮ್ಮ, ಅದು ಔಷಧಿ ಅಲ್ಲ. ಅದ್ರಲ್ಲಿ ಇನ್ನೇನೇನು ಸೇರಿದ್ಯೋ."

"ನಿನ್ನ ಸ್ವಂತ ತಮ್ಮ ಕಣೇ. ಮಕ್ಕಳಿಗೆ ಬೆಂಕಿ ಆಟ ತೋರ್ಸೋಕೆ ಇಟ್ಕೊಂಡಿದೀಯ, ಇವನಿಗೆ ಇಲ್ಲ ಅಂತೀಯ."

ನಾನು ತರಲಿಲ್ಲ. ಅಮ್ಮ ಒಂದೆರಡು ದಿನ ನನ್ನೊಡನೆ ಮಾತು ಬಿಟ್ಟಳು. ಮನೆಯಲ್ಲಿ ಮೊದಲೇ ಮಾತಿರಲಿಲ್ಲವಾದ್ದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ.

ಇಷ್ಟರಲ್ಲಿ ರಘು ಎಚ್ಚರವಾಗತೊಡಗಿದ. ಬೇರೆ ಮಾತು ಇದಕ್ಕಿಲ್ಲ. ಒಂದು ಬೆಳಿಗ್ಗೆ ಸ್ನಾನದ ಮನೆಯಿಂದ ಹಾಡು ಕೇಳಿಸಿತು. ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. ಮಾರನೆಯ ದಿನ ಸೀಮೆಎಣ್ಣೆ ಸ್ಟೌವನ್ನು ಬಿಚ್ಚಿ, ತೊಳೆದು, ಜೋಡಿಸಿಕೊಟ್ಟ. ಸ್ಟೇಷನ್ನಿನ ಅನೌನ್ಸರನ ದನಿಯಲ್ಲಿ "ಅಡುಗೆಮನೆಯಿಂದ ಹೊರಡಬೇಕಾದ ಉಪ್ಪಿಟ್ಟು ಅರ್ಧ ಗಂಟೆ ತಡವಾಗಿ ಬರುತ್ತಿದೆ" ಎಂದು ಕೂಗಿದ. ಸಂಜೆ ಕಟ್ಟೆಯ ಮೇಲೆ ಕೂತು ನನ್ನನ್ನು ಕೇಳಿದ.

"ಅಕ್ಕ, ನಾನು ಇಷ್ಟು ತಿಂಗಳು ನುಂಗಿದ್ದೆಲ್ಲ ಎಲ್ಲಿ ಹೋಯ್ತು?"

"ದೇಹ ಅದನ್ನ ಇಟ್ಕೊಳ್ಳಲ್ಲ. ಮೂತ್ರದಲ್ಲಿ ಹೋಗುತ್ತೆ."

"ಅಂದ್ರೆ ನಮ್ಮ ಮೋರಿಯಿಂದ ಹೆಬ್ಬಾಳ ಕೆರೆಗೆ. ಅಲ್ಲಿರೋ ಮೀನೆಲ್ಲ ಈಗ ಸಮಾಧಾನವಾಗಿ ಬಿದ್ಕೊಂಡಿರ್ಬೇಕು. ಗಾಳ ಹಾಕಿದ್ರೂ ಗಾಬರಿ ಆಗಲ್ಲ ಅವಕ್ಕೆ."

ನಾನು ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೆಂದರೆ ಪಕ್ಕೆ ನೋಯಿತು. ಆ ದಿನಗಳನ್ನು ನಾವು ಮೂವರೂ ಪ್ರೀತಿಸಿದೆವು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಮ್ಮ ಒಂದು ದಿನ ಹಬ್ಬವಿಲ್ಲದೆ ಒಬ್ಬಟ್ಟು ಮಾಡಿದಳು. ಮಾತ್ರೆ ಸಿಗದಿದ್ದರೇ ಚೆನ್ನ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಶಿವರಾತ್ರಿ ಹತ್ತಿರವಾದಾಗ ಅವನು ಬೆಳಕು ಹರಿಯುವ ಮೊದಲೇ ಎದ್ದು ನಕ್ಷೆ ಬರೆಯಲು ಕೂರತೊಡಗಿದ. ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಮಧ್ಯಾಹ್ನ, ಹಿಂದೆ ಯಂತ್ರದ ನಕ್ಷೆ ಬರೆದಿದ್ದ ಅದೇ ನಡುಮನೆಯ ಗೋಡೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ಯಾಕೋ ಎಂದು ಕೇಳಿದರೆ, ಸುಮ್ಮನೆ ಎಂದ. ಅಮ್ಮ ದೇವರ ಮುಂದೆ ಹೋಗಿ ನಿಂತಳು. ಮಾತ್ರೆ ಸಿಕ್ಕಿ, ಇವನು ನೆಟ್ಟಗಾಗಿ, ಕೆಲಸಕ್ಕೆ ಹೋಗುವವರೆಗೂ ಉಪ್ಪು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ನಮ್ಮ ಮನೆತನದ ಹೆಂಗಸರಿಗೆ ಇದು ಹೊಸದೇನಲ್ಲ. ಅಜ್ಜಿ ಅಮ್ಮನ ಹೆರಿಗೆಗೆ ಉಪ್ಪು ಬಿಟ್ಟಿದ್ದಳು, ಅಮ್ಮ ಅಪ್ಪನ ಕಾಯಿಲೆಗೆ ಬಿಟ್ಟಿದ್ದಳು. ಅನ್ನ, ಉಪ್ಪಿಲ್ಲದ ತೊವ್ವೆ, ಬೇಯಿಸಿದ ತರಕಾರಿ, ಹಾಲು, ಹಣ್ಣು. ಅವಳ ಪಾತ್ರೆ ಬೇರೆ, ನಮ್ಮದು ಬೇರೆ.

ಹರಕೆ ಹೊತ್ತು ವಾರವೂ ಆಗಿರಲಿಲ್ಲ, ಬಸವರಾಜ ಬಾಗಿಲಲ್ಲಿ ನಿಂತಿದ್ದ. ಊರಿಗೆ ಹೋಗಿ ಬಂದಿದ್ದ.

"ಅಕ್ಕಾರ, ಗುಳಿಗಿ ಸಿಕ್ಕಾವ್ರಿ! ನಮ್ಮ ಕಾಕಾನ ಅಂಗಡ್ಯಾಗ ಹಳೇ ಸ್ಟಾಕ್ ಉಳದಿತ್ತು. ತಾರೀಖ ನೋಡೇನ್ರಿ, ಇನ್ನೂ ಮುಗದಿಲ್ಲ."

ಅಮ್ಮ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಡಾಕ್ಟರಮ್ಮನಿಗೆ ತೋರಿಸಿದೆವು, ಮೊದಲಿನಷ್ಟೇ ತೆಗೆದುಕೊಳ್ಳಲಿ ಎಂದರು. ರಘು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತ. ಕಾಲು ಕುಣಿಯುತ್ತಲೇ ಇತ್ತು.

"ಅಕ್ಕ, ಇದನ್ನ ನುಂಗಿದ್ರೆ ಹಾಡು ಹೋಗುತ್ತೆ."

ನಾನು ಅವನ ಕುಣಿಯುವ ಕಾಲನ್ನೇ ನೋಡುತ್ತಿದ್ದೆ.

"ಆದ್ರೆ ರೂಮು ಸಿಗುತ್ತೆ" ಎಂದು ನುಂಗಿದ. ಯಾರೂ ಬಲವಂತ ಮಾಡಲಿಲ್ಲ. ಅವನ ಜೀವನದಲ್ಲಿ ನಾನು ಕಂಡ ಅತ್ಯಂತ ಧೈರ್ಯದ ಕೆಲಸ ಅದು.

ಹಾಡು ಹೋಯಿತು. ಒಂದೆರಡು ವಾರದಲ್ಲಿ ಮನೆ ಮತ್ತೆ ಹಳೆಯ ಮೌನಕ್ಕೆ ಬಂತು. ಒಂದು ಮಾತ್ರ ಬದಲಾಗಿತ್ತು. ರಘು ಅಮ್ಮನ ಪಕ್ಕದಲ್ಲಿ ಎಲೆ ಹಾಕಿಕೊಂಡು ಅವಳ ಪಾತ್ರೆಯಿಂದಲೇ ಉಣ್ಣತೊಡಗಿದ್ದ. "ನನಗೋಸ್ಕರ ಬಿಟ್ಟಿದಾಳೆ, ಅವಳೊಬ್ಬಳೇ ಯಾಕೆ ಸಪ್ಪೆ ತಿನ್ಬೇಕು" ಎಂದ. ಏನೂ ಅನ್ನಿಸದವನಂತೆ ಇದ್ದವನು ಅನ್ನಿಸಿ ಮಾಡಿದ್ದು ಅದೊಂದೇ. ಅಮ್ಮನ ಮುಖ ಅರಳಿತು. ಮೊದಲ ತುತ್ತು ಅವನಿಗೇ ಬಡಿಸುತ್ತಿದ್ದಳು. ವ್ರತದ ಊಟ ನಮ್ಮ ಲೆಕ್ಕದಲ್ಲಿ ಮಾಮೂಲು ಊಟವೇ, ಇನ್ನೂ ಒಂದು ಕೈ ಮೇಲು. ಡಾಕ್ಟರಿಗೆ ಹೇಳಬೇಕಾದ ಸಂಗತಿ ಅದೆಂದು ಯಾರಿಗೂ ಹೊಳೆಯಲಿಲ್ಲ.

ಆ ವರ್ಷ ಬಿಸಿಲು ಬೇಗ ಬಂತು. ಶೀಟಿನ ಮಾಡು ಕಾದು ನಡುಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಯುಗಾದಿಗೆ ಬೇವುಬೆಲ್ಲ ತೆಗೆದುಕೊಳ್ಳುವಾಗ ರಘುವಿನ ಬೆರಳು ನಡುಗಿ ಬೆಲ್ಲ ನೆಲಕ್ಕೆ ಬಿತ್ತು. ಕೆಲಸಕ್ಕೆ ಹೋಗುವ ಆತಂಕ ಇರಬೇಕು ಎಂದುಕೊಂಡೆವು. ಮಾರನೆಯ ದಿನ ವಾಂತಿ, ಭೇದಿ. ಹಬ್ಬದ ಊಟ ಹೆಚ್ಚಾಯಿತು ಎಂದಳು ಅಮ್ಮ. ಕೈ ಅಭ್ಯಾಸ ತಪ್ಪಿರಬಾರದೆಂದು ಅವನು ಬೋರ್ಡಿನ ಮುಂದೆ ಕೂತು ಒಂದು ಗೆರೆ ಎಳೆದ. ಅದು ಹಲ್ಲು ಹಲ್ಲಾಗಿ ಬಂತು. ಅದನ್ನೇ ನೋಡುತ್ತ ಕೂತಿದ್ದ. ಆಮೇಲೆ ನೀರು ತರಲು ಹೊರಟವನು ಬಾಗಿಲ ಚೌಕಟ್ಟಿಗೆ ತೂರಾಡಿ ಬಿದ್ದ. ಎದುರುಮನೆಯವರು ಕುಡಿದಿದ್ದಾನೆ ಎಂದುಕೊಂಡರು. "ರಘು" ಎಂದರೆ ಅವನ ಬಾಯಿಂದ ಬರುವ ಉತ್ತರ ಅರ್ಥವಾಗುತ್ತಿರಲಿಲ್ಲ.

ಆಟೋದಲ್ಲಿ ಊರನ್ನು ಈ ತುದಿಯಿಂದ ಆ ತುದಿಗೆ ದಾಟಿದೆವು. ಅಮ್ಮ ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದಳು. ನಾನು ಅಂಗಡಿ ಬೋರ್ಡುಗಳನ್ನು ಓದುತ್ತಿದ್ದೆ. ಅಳು ಬರಬೇಕಾಗಿತ್ತು, ಬರಲಿಲ್ಲ.

ರಕ್ತಪರೀಕ್ಷೆ ಆದ ಮೇಲೆ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಅಮ್ಮ ಹೊರಗೆ ಬೆಂಚಿನ ಮೇಲಿದ್ದಳು. "ಮಾತ್ರೆ ಹೆಚ್ಚು ತಗೊಂಡ್ರಾ?"

"ಇಲ್ಲ. ನಾನು ಬಾಟಲಿ ನೋಡಿದೆ, ಸರಿಯಾಗಿದೆ."

"ಊಟದಲ್ಲಿ ಏನಾದ್ರೂ ಬದಲಾವಣೆ ಆಯ್ತೇನ್ರೀ?"

ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. "ಒಳಗೆ ಉಪ್ಪು ಸಾಲದೆ ಹೋದ್ರೆ ಕಿಡ್ನಿ ಸೋಡಿಯಂನ ಹೊರಗೆ ಬಿಡಲ್ಲ, ಹಿಡಿದಿಟ್ಕೊಳ್ಳುತ್ತೆ. ಲಿಥಿಯಂನೂ ಅದ್ರ ಥರಾನೇ ಅಲ್ವಾ, ಅದನ್ನೂ ಜೊತೇಲೇ ಹಿಡಿದಿಟ್ಕೊಳ್ಳುತ್ತೆ. ದಿನಾ ಹೊರಗೆ ಹೋಗ್ಬೇಕಾದ್ದು ಒಳಗೇ ಸೇರ್ಕೊಂಡಿದೆ. ಬಿಸಿಲು ಬೇರೆ."

ಅದರ ಥರಾನೇ. ಕೋಷ್ಟಕದ ಮೊದಲ ಕಂಬದಲ್ಲಿ ಲಿಥಿಯಂನ ಕೆಳಗಿನ ಮನೆಯೇ ಸೋಡಿಯಂ. ಒಂದೇ ಕಂಬದವು ಒಂದೇ ಗುಣದವು ಎಂದು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಇಡೀ ಬೆಂಗಳೂರಿನಲ್ಲಿ ಸಿಗದ ವಸ್ತು ನನ್ನ ತಮ್ಮನ ರಕ್ತದಲ್ಲಿ ಹೆಚ್ಚಾಗಿತ್ತು. ಅವನಿಗೆ ಕೊಟ್ಟ ಔಷಧಿ ಮುಖ್ಯವಾಗಿ ಉಪ್ಪುನೀರು. ಬಾಟಲಿಯಿಂದ ಹನಿ ಹನಿಯಾಗಿ ಅದು ಇಳಿಯುವುದನ್ನು ನೋಡುತ್ತ ಕೂತೆ.

ಅವನಿಗೆ ಪ್ರಜ್ಞೆ ತಿಳಿಯಾದ ಮೇಲೆ, ಅಮ್ಮ ಕಾಫಿ ತರಲು ಹೋಗಿದ್ದಾಗ, ನಡೆದದ್ದನ್ನು ಹೇಳಿದೆ. ಹೇಳದಿದ್ದರೆ ಅವನು ಮತ್ತೆ ಅದೇ ಊಟ ಮಾಡುತ್ತಿದ್ದ. ರಘು ಕಣ್ಣು ಮುಚ್ಚಿಕೊಂಡು ಕೇಳಿದ. "ಅಮ್ಮಂಗೆ ಗೊತ್ತಾ?" ಎಂದ. ಇಲ್ಲ ಎಂದೆ.

ಅಷ್ಟರಲ್ಲಿ ಅಮ್ಮ ಬಂದಳು. ಫ್ಲಾಸ್ಕು ಇಟ್ಟು ನಿಂತೇ ಇದ್ದಳು. ಅವಳು ಪೆದ್ದಿಯಲ್ಲ.

"ನರ್ಸು ನನ್ನ ಹತ್ರ ಬಂದು ಊಟದ ವಿಷಯ ಯಾಕೆ ಕೇಳಿದ್ರು? ನಾನು ಹಾಕಿದ್ದರಿಂದ ಏನಾದ್ರೂ ಆಯ್ತಾ? ನಿಜ ಹೇಳ್ರೋ."

ರಘುವೇ ಹೇಳಿದ, ಆ ಬಸ್ಸಿನ ವೇಳೆಯ ದನಿಯಲ್ಲಿ.

"ಊಟದ್ದೇನಿಲ್ಲಮ್ಮ. ಮಾತ್ರೆ ಜಾಸ್ತಿ ನುಂಗ್ಬಿಟ್ಟಿದ್ದೆ."

"ಜಾಸ್ತಿ ಅಂದ್ರೆ? ಮರೆತೋ, ಬೇಕೂಂತಲೋ?"

ಅವನು ಒಂದು ಕ್ಷಣ ತಡೆದ. "ಮರೆತು" ಎಂದ.

ಅಮ್ಮ ಅವನನ್ನೇ ನೋಡಿದಳು. ನಂಬಲಿಲ್ಲ ಎನ್ನುವುದು ನಮ್ಮಿಬ್ಬರಿಗೂ ಕಾಣಿಸಿತು. ಅವನು ಅದನ್ನು ಸರಿಪಡಿಸಲು ಹೋಗಲಿಲ್ಲ. ಅಮ್ಮ ಅವನ ಹಾಸಿಗೆಯ ಪಕ್ಕ ಕೂತು ತಲೆ ಸವರತೊಡಗಿದಳು.

ಮನೆಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ ಪೆನ್ಸಿಲ್ ಪೆಟ್ಟಿಗೆಯಿಂದ ಬಾಟಲಿ ತೆಗೆದು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದು. ದಾಸರಹಳ್ಳಿಯ ರೂಮಿನ ಮಾತು ಬಂದರೆ, "ನನ್ನ ಹೆಣದ ಮೇಲೆ" ಎಂದಳು. ಬೀದಿಯವರ ಮುಂದೆ, ನಾನು ಉಪ್ಪು ಬಿಟ್ಟಿದ್ದಕ್ಕೇ ನನ್ನ ಮಗ ಬದುಕಿ ಬಂದ ಎಂದು ಹೇಳಿಕೊಂಡಳು. ರಘು ಸಪ್ಪೆ ಊಟ ಸಾಕಾಯಿತೆಂದು ಎದ್ದು ನನ್ನ ಪಕ್ಕಕ್ಕೆ ಬಂದು ಕೂತು ಉಪ್ಪಿನಕಾಯಿ ಹಾಕಿಸಿಕೊಂಡ. ಅಮ್ಮನಿಗೆ ನೋವಾಯಿತು. ಅವಳ ಜೊತೆ ಸಪ್ಪೆ ತಿನ್ನಲು ನಾನು ಕೂತೆ.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವನನ್ನು ಹಿತ್ತಿಲಿಗೆ ಕರೆದು, "ನಿಜ ಹೇಳ್ಬಿಡೋಣ ಕಣೋ. ನೀನು ಒಂದು ಮಾತ್ರೆನೂ ತಪ್ಪು ಮಾಡಿಲ್ಲ. ನಿನ್ನನ್ನ ನೀನೇ ನೋಡ್ಕೊಂಡಿದೀಯ" ಎಂದೆ.

"ಬೇಡ ಕಣಕ್ಕ. ನಾನು ಹುಚ್ಚ ಅನ್ನೋದು ಅವಳಿಗೆ ಅಭ್ಯಾಸ ಆಗಿದೆ. ಮಗನಿಗೆ ನಾನೇ ವಿಷ ಬಡಿಸಿದೆ ಅಂತ ಗೊತ್ತಾದ್ರೆ, ಅದಕ್ಕೆ ಯಾವ ಮಾತ್ರೆ ತಂದುಕೊಡ್ತೀಯ?"

ನಾನು ಒಳಗೆ ಹೋಗಿ ಅಮ್ಮನ ಪಕ್ಕ ಊಟಕ್ಕೆ ಕೂತೆ.

ಮೊದಲ ಮಳೆ ಬಿದ್ದ ವಾರ ಅವನು ಕೆಲಸಕ್ಕೆ ಹೊರಟ. ಕೈ ನಡುಕ ಬಹಳ ಮಟ್ಟಿಗೆ ನಿಂತಿತ್ತು. ಜೊತೆಗೆ ಹೋಗಲು ಬಸವರಾಜ ಬಂದು ಬಾಗಿಲಲ್ಲಿ ಕಾಯುತ್ತಿದ್ದ. ರಘು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟಿಫಿನ್ ಡಬ್ಬಿ ಹಿಡಿದಿದ್ದ. ಅಮ್ಮ ಬೀರುವಿನ ಬೀಗ ತೆಗೆದು, ಒಂದು ಮಾತ್ರೆ ಎಣಿಸಿ, ತಾನೇ ಅವನ ಬಾಯಿಗೆ ಹಾಕಿ ನೀರು ಕುಡಿಸಿದಳು.

"ಬಾಯಿ ತೆರಿ" ಎಂದಳು. "ನಾಲಿಗೆ ಎತ್ತು."

ಬಸವರಾಜ ಮುಖ ಬೇರೆ ಕಡೆ ತಿರುಗಿಸಿಕೊಂಡ. ರಘು ಬೆಳಕು ಬೀಳುವಂತೆ ಬಾಗಿಲ ಕಡೆ ತಿರುಗಿ ನಿಂತು, ಅಮ್ಮನಿಗೆ ಚೆನ್ನಾಗಿ ಕಾಣಲೆಂದು ಸ್ವಲ್ಪ ಬಗ್ಗಿ, ಬಾಯಿ ತೆರೆದ.